ಳ-ದ ಖಾನೆ

ಕಿಡಕಿಗೆ ಹತ್ತಿದ ಖಾನೆ ಅದು, ಅಷ್ಟೇ ಕಾರಣ.
ನನಗೇನು ಗೊತ್ತು ಯಾವ ಅಕ್ಷರ ಅಂತ?
ಗಾಳದ ದಾರಕ್ಕ ಸೀಸ ಬೇಕಿತ್ತು.
ಭೀಮಿಯೊಳಗ ಬಾಳಿಮೀನ ತಳದಾಗ ಇರತಾವ,
ಹಗುರ ದಾರ ಅಲ್ಲಿತನಕ ಇಳಿಯಂಗಿಲ್ಲ.
ಸರಳಿನ ನಡುವ ಕೈ ತೂರಿಸಿ
ದಿನಾ ಒಂದು ಮುಷ್ಟಿ. ಎಂಟು ದಿನ.

ಯಾದಗಿರಿ ಸ್ಟೇಷನ್ ರೋಡು, ಬೇಳೆ ಮಿಲ್ಲಿನ ಹಿಂದ
ಗುಂಡೇರಾಯರು 'ಸಗರನಾಡ ಮುಂಬೆಳಗು' ತೆಗೆದು ಆಗ ಮೂರನೇ ವರ್ಷ.
ನಾಕು ಪುಟ, ಒಂದು ಟ್ರೆಡಲ್ಲು, ಬೆಲೆ ಆರು ಪೈಸೆ.
ಕಂಪೋಜಿಗೆ ಇಮಾಮಸಾಬರು.
ಉರ್ದು ಬಲದಿಂದ ಓದಿ ಬೆಳೆದ ಕಣ್ಣು,
ಉಲ್ಟಾ ಮೊಳೆ ಅವರಿಗೆ ಸೀದಾ ಕಾಣತಿದ್ದವು.
ಒಂಬತ್ತನೇ ದಿನ ಒಳಗಿನಿಂದ
ನನ್ನ ಮಣಿಕಟ್ಟು ಹಿಡಿದರು. ಬಿಡಲಿಲ್ಲ.
ನಲವತ್ತೆರಡು ವರ್ಷ ಬಿಡಲಿಲ್ಲ ಅನ್ನಬೇಕು.

ಕದ್ದದ್ದು ಳ.
ಗಾಳದಾಗಿರೋ ಳ, ಹೊಳ್ಯಾಗಿರೋ ಳ,
ಕಳ್ಳನ ಹೊಟ್ಟ್ಯಾಗ ಜೋಡಿಯಾಗಿ ಕುಂತಿರೋ ಳ.
ಮೊಳೆ ಅನ್ನಾಕೂ ಅದೇ ಬೇಕಲೇ ಅಂತ
ಕಿವಿ ಹಿಂಡಿ ಕಲಿಸಿದ್ದು ಮೊದಲ ಪಾಠ.

ಉಳಿದದ್ದು ಹನ್ನೊಂದು.
ಬಳಿಚಕ್ರ ಅನ್ನೋ ಊರಿಗೆ, ಕಾಳಪ್ಪ ಅನ್ನೋ ಹೆಸರಿಗೆ ಮೀಸಲು;
ಹೆಸರು ತಿದ್ದಾಕ ರಾಯರಿಗೂ ಅಧಿಕಾರ ಇಲ್ಲ.
ಪತ್ರಿಕೆ ಹೆಸರು ಸಾಗವಾನಿ ಬ್ಲಾಕಿನಾಗ ಕೆತ್ತಿದ್ದು,
ಅದರ ಳ ಕೀಳಾಕ ಬರಂಗಿಲ್ಲ.
ಹೊಸದು ತರಿಸಾಕ ರೊಕ್ಕ ಇಲ್ಲ.

ಹಂಗಾಗಿ ಆ ವರ್ಷ ನಮ್ಮ ಪತ್ರಿಕೆಯೊಳಗ
ಮಳೆ ಬರಲಿಲ್ಲ, ವೃಷ್ಟಿ ಆಯಿತು.
ಕಳ್ಳರು ಸಿಗಲಿಲ್ಲ, ಚೋರರು ಸಿಕ್ಕರು.
ಸಂತಿಗೆ ಎತ್ತುಗಳು ಬರಲಿಲ್ಲ, ಮುನ್ನೂರು ಎತ್ತು ಬಂದವು.
ಓದುಗರು ಅಂದರು:
ರಾಯರ ಕನ್ನಡ ಭಾಳ ಪಂಡಿತ ಆಗ್ಯದ.

ಮತ್ತ ಹೆಣ್ಣುಮಕ್ಕಳು.
ಬಂದಳು ಅನ್ನಂಗಿಲ್ಲ, ಬಿದ್ದಳು, ಬೇಡಿದಳು, ಬೈದಳು ಅನ್ನಂಗಿಲ್ಲ.
'ಕೊಡ ಒಡೆದ ಬಗ್ಗೆ ಗೋಗಿಯ ತಿಪ್ಪವ್ವ ಅವರು ಠಾಣೆಗೆ ದೂರು ಕೊಟ್ಟರು.'
'ಕಲ್ಲು ಹೊರುವ ಹಸೀನಾಬಿ ಅವರು ಕೂಲಿ ಸಾಲದು ಎಂದರು.'
ಒಂದಿನ ದೇಸಾಯರು ಕೋಲು ಕುಟಗೋತ ಬಂದರು.
'ನನ್ನ ಮನಿ ಕಸ ಹೊಡಿಯಾಕಿಗೂ ರು, ನನಗೂ ರು?'
ರಾಯರು ಕನ್ನಡಕ ಒರೆಸಿಕೊಂಡು
'ಮೊಳೆ ಕಡಿಮಿ ಅದಾವ್ರಿ.'

ಮುಂದಿನ ಉಗಾದಿಗೆ ಹುಬ್ಬಳ್ಳಿಯಿಂದ ಪಾರ್ಸೆಲ್ ಬಂತು.
ಖಾನೆ ತುಂಬ ಳ, ಮೀನಕಣ್ಣಿನಂಗ ಮಿಣಮಿಣ.
ಮಳೆ ಬಂತು. ಕಳ್ಳರು ಸಿಕ್ಕರು.
ತಿಪ್ಪವ್ವ ಮಾತ್ರ ಅವರು ಆಗೇ ಉಳಿದರು.
ಯಾರೂ ಹುಕುಂ ಮಾಡಲಿಲ್ಲ.
ಕೈಗೆ ರೂಢಿ ಆಗಿತ್ತು.

ಎಪ್ಪತ್ತೆಂಟರಾಗ ನಮ್ಮವ್ವ ಹೋದಳು.
ಜೀವನಪೂರ್ತಿ ಮೀನಬುಟ್ಟಿ ಮುಂದಿಟಗೊಂಡು ಕುಂತಾಕಿ,
ಅಕಿನ್ನ ಯಾರೂ ಅವರು ಅಂದಿದ್ದಿಲ್ಲ,
ನಾ ಹೆಂಗ ಅಂದೇನು?
ನನ್ನ ಕೈಲೇ ಜೋಡಿಸಿದೆ:
ಅಂಬಿಗರ ಕಾಶವ್ವ ತೀರಿಕೊಂಡಳು.
ಕರಡು ಒಳಗ ಹೋತು, ಹೊರಗ ಬಂತು.
ಳು ಹೊಡೆದು ಕೆಂಪು ಪೆನ್ಸಿಲಿನಾಗ ರು.
ಅಂಚಿನಾಗ, ಸಣ್ಣ ಅಕ್ಷರ:
'ನಿನಗ ಅವ್ವ, ಪತ್ರಿಕೆಗೆ ಅವರು.'
ತಿದ್ದಿದೆ.
ಕಿತ್ತ ಮೊಳೆ ಅಂಗಿ ಜೇಬಿಗೆ ಇಳಿಬಿಟ್ಟೆ,
ಎರಡನೇ ಕಳ್ಳತನ.
ಇಮಾಮಸಾಬರು ನೋಡಿ, ಕಿಡಕಿ ಕಡೆ ತಿರುಗಿದರು.

ಈಗ ಕಂಪ್ಯೂಟರ್ ಮುಂದ ನಸೀಮಾ ಕುಂದರತಾಳ.
ಒಂದು ಬೆರಳು ಒತ್ತಿದರ ಬೇಕಾದಷ್ಟು ಳ.
ನಾ ಸುಮ್ಮನ ಹೋಗಿ ಚಹಾ ಕುಡಿದು ಬರತೀನಿ.
ಮೊನ್ನೆ ಹಳೆ ಸಂಪುಟದ ಧೂಳ ಝಾಡಿಸಿ ಕೇಳಿದಳು,
'ಕಾಕಾ, ಐವತ್ತೊಂಬತ್ತರಾಗ ಮಳೀನೇ ಆಗಿಲ್ಲಲ್ರಿ?'

ಆಗಿತ್ತವ್ವ.
ಭೀಮಿ ದಂಡಿ ಮೀರಿ ಹರಿದಿತ್ತು.
ನನ್ನ ದಾರ ಹರಿದದ್ದೂ ಅದೇ ವರ್ಷ.